ವಿಜಯದಿನದ ಸ್ಮರಣೆ

ಪ್ರತಿವರ್ಷ ಜುಲೈ 26ರಂದು ಶಾಲೆಗಳಲ್ಲಿ ಕಾರ್ಗಿಲ್ ವಿಜಯದಿನವನ್ನು ಆಚರಿಸುವುದುಂಟು. 1999ರ ಆ ಸಮರದಲ್ಲಿ, ವೈರಿಗಳು ಆಕ್ರಮಿಸಿದ್ದ ಗಿರಿಶಿಖರಗಳನ್ನು ಮರಳಿ ಪಡೆಯುವುದಕ್ಕಾಗಿ ಭಾರತದ 527 ಯೋಧರು ಪ್ರಾಣವನ್ನರ್ಪಿಸಿದರು. ಅಹಿಂಸೆಯನ್ನೂ ಅಕ್ರೋಧವನ್ನೂ ಬೋಧಿಸಿದ ಶರಣರ ಮಾರ್ಗದವರು ಯುದ್ಧವನ್ನು ನೆನೆಯುವುದು ಯುಕ್ತವೇ ಎಂದು ವಿದ್ಯಾರ್ಥಿಯು ಕೇಳಿದರೆ ಅವನನ್ನು ಗದರಿಸತಕ್ಕದ್ದಲ್ಲ, ಪ್ರಶ್ನೆಯು ವಿಚಾರಣೀಯವಾದುದು.

ನೆನೆಯತಕ್ಕದ್ದು ಕೊಲೆಯನ್ನಲ್ಲ, ಕಾಯಕನಿಷ್ಠೆಯನ್ನು. ಸತ್ಯಶುದ್ಧ ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದು ಗೃಹಸ್ಥನ ಧರ್ಮ. ಸೈನಿಕನಾದರೋ, 16,000 ಅಡಿಗೂ ಮಿಕ್ಕ ಎತ್ತರದ ಟೈಗರ್ ಹಿಲ್‌ನಂತಹ ಕಡಿದಾದ ಬೆಟ್ಟವನ್ನೇರಿ ಕಾಯವನ್ನೇ ಸಲ್ಲಿಸಿದನು. ಆ ಋಣವನ್ನು ಮರೆಯುವುದು ಕೃತಘ್ನತೆ.

ಆದರೆ ಸ್ಮರಣೆಯು ದ್ವೇಷವಾಗಿ ತಿರುಗುವುದು ಬಹು ಸುಲಭ. ಅದೇ ಟೈಗರ್ ಹಿಲ್‌ನಲ್ಲಿ ಮಡಿದ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನನ ಶೌರ್ಯವನ್ನು ಬರೆದು ತಿಳಿಸಿದವನು ಭಾರತದ ಸೇನಾಧಿಕಾರಿಯೇ. ಬಳಿಕ ಆತನಿಗೆ ಅವನ ದೇಶದ ಅತ್ಯುನ್ನತ ಶೌರ್ಯಪದಕವು ಸಂದಿತು. ಪಾಕಿಸ್ತಾನವು ಸ್ವೀಕರಿಸದೆ ಉಳಿದ ಶವಗಳನ್ನು ನಮ್ಮ ಸೈನಿಕರು ಇಸ್ಲಾಂ ವಿಧಿಯಂತೆ ಮಣ್ಣುಮಾಡಿದರು. ರಣದಲ್ಲಿ ನಿಂತವನೇ ವೈರವನ್ನು ಮರಣದೊಡನೆ ಮುಗಿಸಿದ ಮೇಲೆ, ಮನೆಯಲ್ಲಿ ಕುಳಿತವನು ಅದನ್ನು ಮಕ್ಕಳ ಎದೆಯಲ್ಲಿ ಬಿತ್ತುವುದು ಎಂತಹ ಭಕ್ತಿ?

ಅನಿವಾರ್ಯವಾದ ಯುದ್ಧವೂ ದಯಾವಂತನಿಗೆ ದುಃಖವೇ ಸರಿ. ಈ ದುಃಖವನ್ನೂ ಆ ಋಣವನ್ನೂ ಒಟ್ಟಿಗೆ ಧರಿಸಬಲ್ಲ ಮನಸ್ಸೇ ನಿಜವಾದ ವೀರಮನಸ್ಸು. ಆದುದರಿಂದ ಸದ್ಭಕ್ತರು ಆ ದಿನ ಲಿಂಗಪೂಜೆಯ ತರುವಾಯ ಮಡಿದವರನ್ನು ಮಕ್ಕಳೊಡನೆ ನೆನೆಯಲಿ. ತಮ್ಮ ಊರಿನಲ್ಲಿ ಯೋಧನ ಮನೆಯಿದ್ದರೆ, ಅಲ್ಲಿಯ ತಾಯಿ-ಮಡದಿಯರ ಯೋಗಕ್ಷೇಮವನ್ನು ಮಕ್ಕಳ ಸಮೇತ ಹೋಗಿ ವಿಚಾರಿಸಲಿ. ಭಾಷಣಕ್ಕಿಂತ ಅದು ಮಿಗಿಲಾದ ಪಾಠ.