ಹಕ್ಕೂ ಭಿಕ್ಷೆಯೂ

ಒಮ್ಮೆ ಇಲ್ಲವೆಂದವರ ಮುಂದೆ ಮತ್ತೊಮ್ಮೆ ನಿಲ್ಲುವುದು ಮಾನವಂತರಿಗೆ ತಕ್ಕುದಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. ಅಂಗವೈಕಲ್ಯದ ಸಹಾಯಧನಕ್ಕೆ ಕೊಟ್ಟ ಅರ್ಜಿ ತಿರಸ್ಕೃತವಾದರೆ, ಹಣೆಯಲ್ಲಿ ಬರೆದಿಲ್ಲವೆಂದು ತಾಳಮಲೆಯ ಬಡವನು ಸುಮ್ಮನಾಗಿಬಿಡುತ್ತಾನೆ. ವಕೀಲನನ್ನು ಹಿಡಿದು ಮೇಲ್ಮನವಿ ಸಲ್ಲಿಸುವುದು ಅವನಿಗೆ ಜಗಳಗಂಟತನವಾಗಿ ತೋರುತ್ತದೆ. ಈ ಮೌನವು ಸದ್ಗುಣವೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಭಿಕ್ಷೆಗೂ ಹಕ್ಕಿಗೂ ಭೇದವುಂಟು. ಭಿಕ್ಷೆ ನೀಡದವನು ಕಾರಣ ಹೇಳಬೇಕಾಗಿಲ್ಲ. ಹಕ್ಕನ್ನು ನಿರಾಕರಿಸುವವನು ಹೇಳಲೇಬೇಕು. ಇಂತಹ ಸೌಲಭ್ಯಗಳಿಗೆಲ್ಲ ಬುನಾದಿ ವೈಕಲ್ಯದ ಪ್ರಮಾಣಪತ್ರ. ಅನೇಕ ಸೌಲಭ್ಯಗಳಿಗೆ ಶೇಕಡಾ 40ರ ಗಡಿಯಿದೆ. ಒಬ್ಬ ವೈದ್ಯರು 38 ಎಂದುದನ್ನು ಮತ್ತೊಬ್ಬರು 42 ಎನ್ನಬಹುದು. ಆದಕಾರಣವೇ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 59ನೆಯ ಪ್ರಕರಣವು ಪ್ರಮಾಣೀಕರಿಸುವ ಅಧಿಕಾರಿಯ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶವಿತ್ತಿದೆ. ಅಧಿಕಾರಿಯು ತಪ್ಪಬಹುದೆಂದು ಕಾಯಿದೆಯೇ ಒಪ್ಪಿರುವಾಗ, ಆ ತಪ್ಪನ್ನು ತೋರಿಸುವವನು ಕೃತಘ್ನನಾಗುವುದೆಂತು?

ಹಕ್ಕು ನಿಜವಾದರೆ ವಕೀಲನೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಹೋದ ಕನ್ನಡಿಗನ ಕೈಗೆ, ಅವನು ಓದಲಾರದ ತಮಿಳಿನಲ್ಲಿ ಬರೆದ ಉತ್ತರವೊಂದು ಬಂದರೆ, ಅವನ ಹಕ್ಕು ಮೂಕವಾಗುತ್ತದೆ. ವಕೀಲನು ಆ ಮೂಕ ಹಕ್ಕಿನ ನಾಲಗೆ. ನಾಲಗೆಗೆ ಬೆಲೆಯೆಷ್ಟು? ಅಮೆರಿಕದಲ್ಲಿ ಇಂತಹ ಮೊಕದ್ದಮೆ ಗೆದ್ದ ವಕೀಲನು ಬಾಕಿ ಹಣದ ಕಾಲುಭಾಗವನ್ನು ಮೀರದಂತೆ ಶುಲ್ಕ ಪಡೆಯಬಹುದು. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ನಮ್ಮ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅದಕ್ಕಿಂತಲೂ ಮಿಗಿಲಾಗಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಅಂಗವಿಕಲನು ಉಚಿತ ವಕೀಲನಿಗೆ ಅರ್ಹನು. ಸಂವಿಧಾನದ 350ನೆಯ ಅನುಚ್ಛೇದವಾದರೋ, ಒಕ್ಕೂಟದಲ್ಲಿಯಾಗಲಿ ರಾಜ್ಯದಲ್ಲಿಯಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಲು ಪ್ರಜೆಗೆ ಅಧಿಕಾರವಿತ್ತಿದೆ. ನಮ್ಮ ಕನ್ನಡಕ್ಕೂ ಆ ಬಾಗಿಲು ತೆರೆದಿದೆ.

ಹೀಗಿದ್ದೂ ಬಾಗಿಲಿರುವುದೇ ತಿಳಿಯದವನಿಗೆ ಅದು ಗೋಡೆಯೇ ಸರಿ. ಇಲ್ಲಿ ಹೊಣೆಯು ಅಕ್ಷರ ಬಲ್ಲವರ ಮೇಲೆ ಬೀಳುತ್ತದೆ. ತಿರಸ್ಕಾರದ ಪತ್ರವನ್ನು ಎಸೆಯದಂತೆ ಹೇಳುವುದು, ಅದರ ತಾರೀಖನ್ನೂ ಕಾರಣವನ್ನೂ ಓದಿ ತಿಳಿಸುವುದು, ಗೊತ್ತಾದ ಅವಧಿ ಮೀರುವ ಮುನ್ನ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಡುವುದು ಉಪಾಧ್ಯಾಯರಿಗೂ ಮೇಲ್ತರಗತಿಯ ವಿದ್ಯಾರ್ಥಿಗಳಿಗೂ ಅಸಾಧ್ಯವಾದ ಕಾರ್ಯಗಳಲ್ಲ. ಇದನ್ನು ಪರೋಪಕಾರವೆಂದು ಕರೆದರೆ ಹಕ್ಕನ್ನು ಮತ್ತೆ ಭಿಕ್ಷೆಯಾಗಿಸಿದಂತಾಗುತ್ತದೆ. ನೆರೆಯವನಿಗೆ ಸಲ್ಲಬೇಕಾದುದನ್ನು ಅವನಿಗೆ ಓದಿ ಹೇಳುವುದು ನಾವು ಕಲಿತ ಅಕ್ಷರದ ಋಣ.