ಮಿಂದ ನೀರು, ಅಳೆದ ನೀರು

ವಾರಾಣಸಿಯ ಸಂಕಟಮೋಚನ ದೇವಸ್ಥಾನದ ಮಹಂತರಾಗಿದ್ದ ವೀರಭದ್ರ ಮಿಶ್ರ ತುಳಸಿ ಘಾಟಿನಲ್ಲಿ ನಿತ್ಯ ಗಂಗಾಸ್ನಾನ ಮಾಡುತ್ತಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರು ಹೈಡ್ರಾಲಿಕ್ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದರು. ತಾವು ಮುಳುಗೇಳುವ ನೀರಿಗೆ ಊರಿನ ಕೊಳಚೆ ಬಂದು ಸೇರುತ್ತಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1982ರಲ್ಲಿ ಅವರು ಸಂಕಟಮೋಚನ ಪ್ರತಿಷ್ಠಾನ ಕಟ್ಟಿದರು. ಮುಂದೆ ಘಾಟಿನಲ್ಲೇ ನೀರು ಪರೀಕ್ಷಿಸುವ ಪ್ರಯೋಗಾಲಯವೂ ಬಂತು.

ಪಾಪ ತೊಳೆಯುವ ನದಿ ತಾನೇ ಮಲಿನವಾಗಬಲ್ಲದೇ?

ಗಂಗೆ ದೇವಿ, ದೇವಿಗೆ ಮೈಲಿಗೆಯಿಲ್ಲ ಎಂಬುದು ಭಕ್ತರ ಉತ್ತರ. ಪ್ರಯೋಗಾಲಯ ನೋಡುವುದು ಬೇರೆಯದನ್ನು. ಸ್ನಾನದ ನೀರಿನ ಪ್ರತಿ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗಿರಬೇಕು, 2,500 ಮೀರಲೇಬಾರದು; ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ನದಿ ಕೊಳಕಾಗಿದೆ ಎಂದರೆ ಭಕ್ತರು ನೊಂದುಕೊಳ್ಳುತ್ತಾರೆ. ತಾಯಿಯ ಮೈಮೇಲೆ ಕೊಳಚೆ ಸುರಿಯುತ್ತಿದ್ದಾರೆ ಎಂದರೆ ಎದ್ದು ನಿಲ್ಲುತ್ತಾರೆ ಎಂಬುದು ಮಿಶ್ರರು ಕಂಡುಕೊಂಡಿದ್ದ ಸತ್ಯ. ಭಕ್ತಿ ಅವರಿಗೆ ಅಳತೆಯ ಶತ್ರುವಾಗಿರಲಿಲ್ಲ, ಅಳೆಯಲು ಕಾರಣವಾಗಿತ್ತು.

ಗಂಗೆ ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುತ್ತಾಳೆ ಎಂಬ ನಂಬಿಕೆಯೂ ಬರೀ ಕುರುಡಲ್ಲ. ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗ ಸಾಯುತ್ತವೆ ಎಂದು ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಹ್ಯಾನ್‌ಕಿನ್ 1896ರಲ್ಲೇ ಬರೆದಿದ್ದ. ಬ್ಯಾಕ್ಟೀರಿಯಾಗಳನ್ನು ತಿನ್ನುವ ಫೇಜ್ ವೈರಾಣುಗಳು ಇದಕ್ಕೆ ಕಾರಣವಿರಬಹುದು ಎಂಬ ವಿವರಣೆ ಆಮೇಲೆ ಬಂತು. ಹರಿಯುವ ನೀರು ಗಾಳಿಯಿಂದ ಆಮ್ಲಜನಕ ಹೀರುತ್ತದೆ, ಸೂಕ್ಷ್ಮಜೀವಿಗಳು ಆ ಆಮ್ಲಜನಕ ಬಳಸಿ ಕೊಳೆಯನ್ನು ಜೀರ್ಣಿಸುತ್ತವೆ. ಆದರೆ ಕೊಳಚೆ ಅತಿಯಾದರೆ ಆಮ್ಲಜನಕವೇ ಮುಗಿದು ಮೀನು ಸಾಯುತ್ತವೆ.

ಗಂಗೆಯ ದಡದಲ್ಲೇ ಇರುವ ಕಾನ್ಪುರದ ಜಾಜ್‌ಮವುನಲ್ಲಿ ಸಮಸ್ಯೆ ಇನ್ನೂ ಕಠಿಣ. ಅಲ್ಲಿ ಚರ್ಮ ಹದ ಮಾಡಲು ಕ್ರೋಮಿಯಂ ಲವಣ ಬಳಸುತ್ತಾರೆ. ತ್ಯಾಜ್ಯ ನೀರನ್ನು ಪ್ರಾಥಮಿಕವಾಗಿಯೂ ಸಂಸ್ಕರಿಸದ ಕಾರ್ಖಾನೆಗಳನ್ನು ಮುಚ್ಚಿ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಆದೇಶಿಸಿತು. ಕ್ರೋಮಿಯಂ ಮೂಲಧಾತು. ಯಾವ ಫೇಜೂ ಅದನ್ನು ತಿನ್ನದು, ಯಾವ ಪ್ರವಾಹವೂ ಅದನ್ನು ಇಲ್ಲವಾಗಿಸದು. ರೂಪ ಬದಲಿಸಿ ಮಣ್ಣಿಗೋ ಕೆಸರಿಗೋ ಇಳಿಯುತ್ತದೆ. ಅದರ ಒಂದು ರೂಪ ಕ್ಯಾನ್ಸರ್‌ಕಾರಕ.

ಮಾಡಿದ ಕರ್ಮ ಅನುಭವಿಸದೆ ಕಳೆಯದು ಎನ್ನುವ ತತ್ತ್ವಕ್ಕೆ ಇದು ಬಹಳ ಹತ್ತಿರವಿದೆ. ವ್ಯತ್ಯಾಸ ಒಂದೇ, ಅದೂ ಭಯಂಕರವಾದದ್ದು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತದೆ ನಮ್ಮ ಗಾದೆ. ಮಾಲಿನ್ಯದಲ್ಲಿ ಮಾಡಿದವನೊಬ್ಬ, ಉಣ್ಣುವವನು ಕೆಳಹರಿವಿನ ರೈತ, ಅವನ ಮಗು. ಮೇಲಿನವನು ಮಿಂದು ಪಶ್ಚಾತ್ತಾಪಪಟ್ಟರೆ ಅವನ ಮನಸ್ಸು ಹಗುರಾಗಬಹುದು, ಕೆಳಗಿನವನ ಬಾವಿ ಹಗುರಾಗುವುದಿಲ್ಲ. ನೀರಿನ ವಿಷಯದಲ್ಲಿ ಪ್ರಾಯಶ್ಚಿತ್ತವೆಂದರೆ ಕೊಳವೆ ತಿರುಗಿಸುವುದು, ಕೊಳಚೆ ಸಂಸ್ಕರಿಸುವುದು, ಫಲಿತಾಂಶವನ್ನು ಎಲ್ಲರೆದುರು ಇಡುವುದು. ಮಿಶ್ರರು 2013ರಲ್ಲಿ ತೀರಿಕೊಂಡರು. ಈಗ ಮಹಂತರಾಗಿರುವ ಅವರ ಮಗ ವಿಶ್ವಂಭರನಾಥ ಮಿಶ್ರರೂ ಎಂಜಿನಿಯರಿಂಗ್ ಪ್ರಾಧ್ಯಾಪಕರೇ. ಪರೀಕ್ಷೆಯ ಕೆಲಸವನ್ನು ಅವರು ಮುಂದುವರಿಸಿದ್ದಾರೆ.

ಕಾಶಿಯಿಂದ ಗಂಗೆಯ ಗಿಂಡಿ ತಂದು ದೇವರ ಕೋಣೆಯಲ್ಲಿಟ್ಟುಕೊಳ್ಳುವ ಕನ್ನಡಿಗರು ಹೊಸ ಕೊಳವೆಬಾವಿಗೂ ಗಂಗೆ ಪೂಜೆ ಮಾಡುತ್ತಾರೆ. ಕೋಲಾರ, ಪಾವಗಡದ ಕಡೆ ಆ ಗಂಗೆಯಲ್ಲಿ ಫ್ಲೋರೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ. ಬಹುಪಾಲು ಅದು ಆಳದ ಬಂಡೆಯಿಂದಲೇ ಕರಗಿ ಬರುವುದರಿಂದ ಇಲ್ಲಿ ಬೈಯಲು ಪಾಪಿಯೂ ಸಿಗುವುದಿಲ್ಲ. ಅರಿಶಿನ ಕುಂಕುಮ ಏರಿಸಿ, ಮಂಗಳಾರತಿ ಎತ್ತಿದ ಮೇಲೆ ಊರಿನವರು ಅದೇ ನೀರಿನ ಒಂದು ಬಾಟಲಿಯನ್ನು ತಾಲ್ಲೂಕಿನ ಪ್ರಯೋಗಾಲಯಕ್ಕೂ ಕಳಿಸಲಿ, ವರದಿ ಬರುವ ತನಕ ಮಕ್ಕಳಿಗೆ ಬೇರೆ ನೀರು ಕೊಡಲಿ.