ಮಿತ್ರಾನುರಾಗ ಮತ್ತು ಮರಣ

ಬಿಕ್ಕೋಡಿನಿಂದ ಬೇಲೂರಿನ ಮಾರ್ಗವಾಗಿ ಹಳೇಬೀಡಿಗೆ ಯಾತ್ರೆ ಹೋಗುವ ಶ್ರಾವಕ ಕುಟುಂಬಗಳು ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳ ಮುಂದೆ ನಿಂತು ಹೊಯ್ಸಳರ ವೈಭವವನ್ನು ನೆನೆಯುವುದು ವಾಡಿಕೆ. ದಂಡನಾಯಕ ಗಂಗರಾಜನ ಸ್ಮರಣಾರ್ಥ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಬಸದಿಯಿದು. ತಲಕಾಡನ್ನು ಚೋಳರಿಂದ ಬಿಡಿಸಿ ಹೊಯ್ಸಳ ರಾಜ್ಯಕ್ಕೆ ಭದ್ರವಾದ ಬುನಾದಿ ಹಾಕಿದ ವಿಷ್ಣುವರ್ಧನ, ಅವನಿಗಾಗಿ ಹೋರಾಡಿದ ಗಂಗರಾಜ, ಆ ಶತಮಾನದ ಆರಂಭದ ಮಹಾಕವಿ ನಾಗಚಂದ್ರ, ಇವರ ಹೆಸರುಗಳು ಪಾಠಪುಸ್ತಕಗಳಲ್ಲಿವೆ. ಪಟ್ಟಮಹಾದೇವಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಹೆಸರು ಮಾತ್ರ ಶ್ರವಣಬೆಳಗೊಳದ ಶಾಸನವನ್ನು ಓದಿದವರಿಗಷ್ಟೇ ಪರಿಚಿತ.

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನು ಹಿಂದುಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಉಪವಾಸದ ತರುವಾಯ ದೇಹವನ್ನು ಬಿಟ್ಟಳೆಂದು ಶಾಸನ ತಿಳಿಸುತ್ತದೆ. ಪ್ರಶ್ನೆ ಏಳುವುದು ಇಲ್ಲಿಯೇ. ಮಗಳ ಮೇಲಿನ ಮಮತೆಯಿಂದ ಹುಟ್ಟಿದ ನಿರ್ಧಾರ ಸಲ್ಲೇಖನವಾಗಬಲ್ಲುದೆ? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನದ ಅತಿಚಾರಗಳನ್ನು ಐದೆಂದು ಎಣಿಸಿದ್ದಾರೆ. ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರಾನುರಾಗ, ಅನುಭವಿಸಿದ ಸುಖದ ಸ್ಮರಣೆ, ಮುಂದಿನ ಭೋಗದ ಬಯಕೆ. ಮೂರನೆಯದು ಮಾಚಿಕಬ್ಬೆಗೆ ಅಡ್ಡಬರುವಂತಿದೆ.

ಇದು ಕೇವಲ ಶಾಸನದ ಚರ್ಚೆಯಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಈ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಸರ್ವೋಚ್ಚ ನ್ಯಾಯಾಲಯ ಅದೇ ತಿಂಗಳ ಕೊನೆಗೆ ಆ ತೀರ್ಪನ್ನು ತಡೆಹಿಡಿಯಿತು. ಸಲ್ಲೇಖನ ಆತ್ಮಹತ್ಯೆಯಲ್ಲವೆಂದು ಅಂದು ಮೆರವಣಿಗೆಯಲ್ಲಿ ನಡೆದವರು ಬಹಳ ಮಂದಿ. ಏಕಲ್ಲವೆಂದು ತಮ್ಮ ಮಕ್ಕಳಿಗೆ ಬಿಡಿಸಿ ಹೇಳಬಲ್ಲವರು ಅವರಲ್ಲಿ ಎಷ್ಟು ಮಂದಿಯಿದ್ದರೋ!

ಭೇದವನ್ನು ಅರಿಯಲು ದೂರದ ಒಂದು ನಿದರ್ಶನ ನೆರವಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭವೂ ರಾಷ್ಟ್ರನಿರ್ಮಾಪಕರು, ಸಾಹಸಿಗಳು, ಲೇಖಕರು ಒಟ್ಟಿಗೆ ಬಾಳಿದ ಕಾಲ. ಶ್ರೀಮದ್ ರಾಜಚಂದ್ರರ ಪ್ರಭಾವಕ್ಕೆ ಒಳಗಾಗಿದ್ದ ಗಾಂಧೀಜಿ 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟಾಲ್‌ಸ್ಟಾಯ್ ಹೆಸರಿನ ಆಶ್ರಮವನ್ನು ಆರಂಭಿಸಿದರು. ಅದೇ ವರ್ಷ ಆ ಮಹಾಲೇಖಕ ಎಂಬತ್ತೆರಡರ ವಯಸ್ಸಿನಲ್ಲಿ ಗುಟ್ಟಾಗಿ ಮನೆ ತೊರೆದು, ರೈಲು ನಿಲ್ದಾಣವೊಂದರಲ್ಲಿ ಅಸುನೀಗಿದ. 1912ರ ಜನವರಿ 17ರಂದು ಇಂಗ್ಲೆಂಡಿನ ಸ್ಕಾಟ್ ನಾಲ್ವರು ಸಂಗಡಿಗರೊಡನೆ ದಕ್ಷಿಣ ಧ್ರುವವನ್ನು ಮುಟ್ಟಿದ. ನಾರ್ವೆಯ ಅಮುಂಡ್‌ಸೆನ್ ಒಂದು ತಿಂಗಳ ಹಿಂದೆಯೇ ಅಲ್ಲಿ ಬಾವುಟ ನೆಟ್ಟು ಹೋಗಿದ್ದ. (ಎರಡು ತಂಡಗಳೂ ಸರಂಜಾಮು ಎಳೆದ ಮೂಕಪ್ರಾಣಿಗಳನ್ನು ದಾರಿಯಲ್ಲೇ ಕೊಂದು ಆಹಾರ ಮಾಡಿಕೊಂಡವೆಂಬುದನ್ನು ಈ ಸಾಹಸವನ್ನು ಹೊಗಳುವವರು ಮರೆಯಬಾರದು.)

ಹಿಂದಿರುಗುವಾಗ ಸ್ಕಾಟನ ಸಂಗಡಿಗ ಓಟ್ಸ್ ಎಂಬವನ ಕಾಲುಗಳು ಹಿಮದಿಂದ ಕೆಟ್ಟುಹೋದವು. ತನ್ನನ್ನು ಬಿಟ್ಟು ಮುಂದೆ ಹೋಗಿರೆಂದ, ಉಳಿದವರು ಒಪ್ಪಲಿಲ್ಲ. ಎಚ್ಚರವಾಗದಿರಲೆಂದು ಆಶಿಸಿ ಮಲಗಿದ. ಬೆಳಗಾದಾಗ ಬದುಕಿಯೇ ಇದ್ದ. ಆಗ ಮಾರ್ಚ್ ತಿಂಗಳ ನಡುವೆ. ಹೊರಗೆ ಬೀಸುತ್ತಿದ್ದ ಹಿಮಗಾಳಿಯೊಳಗೆ ನಡೆದುಹೋದವನು ಮರಳಲಿಲ್ಲ. ತನ್ನ ನಿಧಾನದಿಂದ ಸಂಗಡಿಗರು ಸಾಯದಿರಲೆಂಬುದು ಅವನ ಭಾವ. ಅವರೂ ಮುಂದೆ ಉಳಿಯಲಿಲ್ಲ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ನಿಷ್ಪ್ರತೀಕಾರವಾದ ಸ್ಥಿತಿ, ಅಂದರೆ ಪರಿಹಾರವೇ ಇಲ್ಲದ ಸಂಕಟ, ಓಟ್ಸನಿಗೆ ಒದಗಿತ್ತು. ದ್ವೇಷವಿರಲಿಲ್ಲ, ಸ್ವಾರ್ಥವೂ ಇರಲಿಲ್ಲ. ಅವನ ತ್ಯಾಗ ನಮಸ್ಕಾರಾರ್ಹ. ಆದರೂ ಸಾವನ್ನು ಬಯಸಿದ್ದು, ಮಿತ್ರರ ಮೇಲಿನ ರಾಗ, ಇವೆರಡೂ ಅಲ್ಲಿ ಕೊನೆಯ ಹೆಜ್ಜೆಯವರೆಗೂ ಇದ್ದವು. ಅವನ್ನು ಕರಗಿಸಿಕೊಳ್ಳಲು ಅವನಿಗೆ ವೇಳೆಯೇ ಸಿಗಲಿಲ್ಲ.

ಸಲ್ಲೇಖನವೆಂದರೆ ಕಾಯದೊಡನೆ ಕಷಾಯಗಳನ್ನೂ ಕೃಶಗೊಳಿಸುವುದು. ಕೃಶವಾಗಲು ಕಾಲ ಬೇಕು. ಆದ್ದರಿಂದಲೇ ಸಮಂತಭದ್ರರು ಆಹಾರದ ಮಾತಿಗಿಂತ ಮೊದಲು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಡಲು ಹೇಳಿ, ಬಂಧುಗಳನ್ನು ಕ್ಷಮಿಸಿ ಅವರಿಂದ ಕ್ಷಮೆ ಬೇಡಲು ವಿಧಿಸುತ್ತಾರೆ. ಅನ್ನ ಬಿಡುವುದು, ಪಾನೀಯಗಳನ್ನು ಒಂದೊಂದಾಗಿ ಕಡಿಮೆ ಮಾಡುವುದು, ಕಡೆಗೆ ಉಪವಾಸ, ಎಲ್ಲವೂ ಅನಂತರದ್ದು. ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿದ ಹಿರಿಯರಿಗೆ ಕಡೆಯ ಗಳಿಗೆಯಲ್ಲಿ ವ್ರತ ಕೊಡಿಸಿ ಸಮಾಧಿಮರಣವೆಂದು ಪತ್ರಿಕೆ ಹಂಚುವ ಕುಟುಂಬಗಳು ಈ ಕ್ರಮವನ್ನು ಒಮ್ಮೆ ಓದಿ ನೋಡುವುದೊಳಿತು.

ಮಾಚಿಕಬ್ಬೆ ಹೊರಟದ್ದು ಮಗಳ ಮೋಹದಿಂದಲೇ ಇರಬಹುದು. ಆಕೆಗೆ ಗುರುಗಳ ಸಾನ್ನಿಧ್ಯವಿತ್ತು, ಒಂದು ತಿಂಗಳ ಅವಧಿಯೂ ಇತ್ತು. ಶಾಸನಕಾರ ಆ ದಿನಗಳನ್ನು ವರ್ಣಿಸುವಾಗ ಅರೆಮುಚ್ಚಿದ ಕಣ್ಣುಗಳನ್ನೂ ಪಂಚನಮಸ್ಕಾರದ ಜಪವನ್ನೂ ಹೇಳಿ, ಅವುಗಳ ಜೊತೆಗೆ ಆಕೆ ಬಂಧುಗಳನ್ನು ಬೀಳ್ಕೊಟ್ಟ ಘನತೆಯನ್ನೂ ದಾಖಲಿಸಿದ್ದಾನೆ.